ಕಾರ್ನ್ ಸಿರಪ್: ಜಾಮೂನಿನ ಪಾಕಕ್ಕೆ ಸರಿ, ಸಕ್ಕರೆ ಅಚ್ಚಿಗೆ ಬೇಡ

ಅಮೆರಿಕಕ್ಕೆ ಬಂದು ಆರು ವರ್ಷವಾದರೂ ಈ ಬಾಟಲಿಯನ್ನು ನಾನು ಮನೆಗೆ ತಂದಿರಲಿಲ್ಲ. ಕಾರ್ನ್ ಸಿರಪ್, ಅಂದರೆ ಮುಸುಕಿನ ಜೋಳದಿಂದ ಮಾಡುವ ಸಿಹಿ ಪಾಕ, ವಿಷ ಅಂತಲೇ ಕೇಳಿದ್ದೆ. ಕಳೆದ ದೀಪಾವಳಿಗೆ ಮಾಡಿದ ಜಾಮೂನಿನ ಪಾಕ ಮಾರನೇ ದಿನಕ್ಕೆ ಹರಳುಗಟ್ಟಿತು, ಆಗ ಪಕ್ಕದ ಮನೆಯವರು ಹೇಳಿದರು ಅಂತ 473 ಎಂ.ಎಲ್. ಲೈಟ್ ಕಾರ್ನ್ ಸಿರಪ್ ತಂದೆ. ನೋಡಲು ತಿಳಿ, ಜೇನಿನಷ್ಟು ಮಂದ, ಸ್ವಲ್ಪ ವೆನಿಲಾ ವಾಸನೆ. ಲೈಟ್ ಅನ್ನುವುದು ಬಣ್ಣಕ್ಕೆ ಮಾತ್ರ, ಕ್ಯಾಲೊರಿ ಕಮ್ಮಿ ಅಂತ ಅಲ್ಲ.

ಮುಂದಿನ ಸಲ ಪಾಕಕ್ಕೆ ಎರಡು ಚಮಚ ಹಾಕಿದೆ. ವಾರವಾದರೂ ಪಾಕ ಹಾಗೇ ಇತ್ತು. ಸಕ್ಕರೆ ಕಣಗಳು ಒಂದಕ್ಕೊಂದು ಅಂಟಿ ಹರಳಾಗುತ್ತವೆ, ಮಧ್ಯೆ ಈ ಸಿರಪ್ಪಿನ ಗ್ಲೂಕೋಸ್ ಸೇರಿಕೊಂಡರೆ ಅವಕ್ಕೆ ಹಾಗೆ ಜೋಡಿಸಿಕೊಳ್ಳಲು ಆಗುವುದಿಲ್ಲ. ಅಮ್ಮ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುತ್ತಿದ್ದದ್ದೂ ಇದಕ್ಕೇ. ಹುಳಿ ಬಿದ್ದರೆ ಸಕ್ಕರೆ ಸ್ವಲ್ಪ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಅನ್ನುವ ಎರಡು ಸರಳ ಸಕ್ಕರೆಗಳಾಗುತ್ತದೆ.

ಆದರೆ ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಮಾತ್ರ ದಯವಿಟ್ಟು ಹಾಕಬೇಡಿ. ಅಚ್ಚು ನಿಲ್ಲುವುದೇ ಹರಳುಗಟ್ಟುವುದರಿಂದ. ನನ್ನ ಪಾಕ ಮರದ ಅಚ್ಚಿನಲ್ಲೇ ಮೆತ್ತಗೆ ಅಂಟಿಕೊಂಡು ಒಂದು ಆನೆಯೂ ಇಡಿಯಾಗಿ ಬರಲಿಲ್ಲ, ಎಳ್ಳುಬೀರೋಕೆ ಹೊರಗಿನಿಂದ ತರಬೇಕಾಯಿತು. ಕಾಫಿಗೂ ಇದು ಆಗಲ್ಲ. ಸಕ್ಕರೆಯಷ್ಟು ಸಿಹಿ ಇಲ್ಲ, ಹಾಗಾಗಿ ಜಾಸ್ತಿ ಸುರಿಯುತ್ತೀರಿ.

ಇನ್ನು ವಿಷದ ಮಾತು. ಮುಸುಕಿನ ಜೋಳದ ಪಿಷ್ಟವನ್ನು ಒಡೆದು ಮಾಡುವ ಈ ಸಿರಪ್ಪಿನಲ್ಲಿ ಇರುವುದು ಗ್ಲೂಕೋಸ್, ಮಾಲ್ಟೋಸ್ ಇಂಥವು. ಎಲ್ಲರೂ ಬೈಯುವ ಹೈ ಫ್ರಕ್ಟೋಸ್ ಕಾರ್ನ್ ಸಿರಪ್ ಬೇರೆ. ಅದರಲ್ಲಿ ಗ್ಲೂಕೋಸಿನ ಒಂದು ಪಾಲನ್ನು ಕಿಣ್ವ ಹಾಕಿ ಫ್ರಕ್ಟೋಸ್ ಮಾಡಿರುತ್ತಾರೆ. ಇಲ್ಲಿ ಹೊರದೇಶದ ಸಕ್ಕರೆಗೆ ಮಿತಿ ಹಾಕಿ ಬೆಲೆ ಏರಿತ್ತು, ಜೋಳ ಅಗ್ಗವಾಗಿತ್ತು, 1984ರ ಹೊತ್ತಿಗೆ ಕೋಕ್, ಪೆಪ್ಸಿ ಎರಡೂ ಈ ಹೈ ಫ್ರಕ್ಟೋಸ್ ಸಿರಪ್ಪಿಗೇ ಬಂದವು. ಬಾಟಲಿ ಕೊಳ್ಳುವಾಗ ಹಿಂದಿನ ಪಟ್ಟಿ ಓದಿ, ಕೆಲವರು ಅದನ್ನೂ ಮಾಮೂಲಿ ಕಾರ್ನ್ ಸಿರಪ್ಪಿನಲ್ಲಿ ಬೆರೆಸುತ್ತಾರೆ. ಬರೀ ಗ್ಲೂಕೋಸ್ ಇದ್ದರೂ ರಕ್ತದಲ್ಲಿ ಸಕ್ಕರೆ ಬೇಗ ಏರುತ್ತದೆ, ಶುಗರ್ ಇರುವವರಿಗೆ ಇದು ಆಗಿಬರಲ್ಲ.

ನನಗೆ ನಿಜಕ್ಕೂ ಬೇಜಾರಾಗುವುದು ಬೇರೆ ವಿಷಯಕ್ಕೆ. ಮೆಕ್ಸಿಕೋದ ಗಾಜಿನ ಬಾಟಲಿ ಕೋಲಾ ಕಬ್ಬಿನ ಸಕ್ಕರೆಯದು, ಅದು ಒಳ್ಳೇದು ಅಂತ ನಮ್ಮವರೇ ಪೆಟ್ಟಿಗೆಗಟ್ಟಲೆ ತಂದು ಮಕ್ಕಳಿಗೂ ಕೊಡುತ್ತಾರೆ. ನಮ್ಮ ಮಾಮೂಲಿ ಸಕ್ಕರೆಯಲ್ಲೂ ಅರ್ಧ ಫ್ರಕ್ಟೋಸ್ ಇದೆ, ತಂಪು ಪಾನೀಯಕ್ಕೆ ಹಾಕುವ ಹೈ ಫ್ರಕ್ಟೋಸ್ ಸಿರಪ್ಪಿನಲ್ಲಿ ಶೇ. 55. ಎಷ್ಟು ಮಹಾ ವ್ಯತ್ಯಾಸ, ಅಲ್ವಾ? ಫ್ರಕ್ಟೋಸ್ ಹೆಚ್ಚಾಗಿ ಹೋಗುವುದು ಲಿವರ್‌ಗೆ, ದಿನಾ ಮಿತಿ ಮೀರಿದರೆ ಅಲ್ಲಿ ಕೊಬ್ಬಾಗಿ ಕೂರುತ್ತದೆ. ನಮ್ಮ ಯಜಮಾನರಿಗೆ ಫ್ಯಾಟಿ ಲಿವರ್ ಅಂತ ವರದಿ ಬಂದ ಮೇಲೆ ನಾನು ಇದನ್ನೆಲ್ಲ ಓದಿದ್ದು. ಇಲ್ಲಿನ 355 ಎಂ.ಎಲ್. ಕೋಕ್ ಡಬ್ಬಿಯಲ್ಲಿ 39 ಗ್ರಾಂ ಸಕ್ಕರೆ ಇದೆ. ಇಲ್ಲಿನ ಹಾರ್ಟ್ ಅಸೋಸಿಯೇಶನ್ ಬೆರೆಸಿದ ಸಕ್ಕರೆಗೆ ಹೇಳುವ ದಿನದ ಮಿತಿ ಗಂಡಸರಿಗೆ 36, ಹೆಂಗಸರಿಗೆ 25 ಗ್ರಾಂ. ಯಜಮಾನರು ಊಟದ ಜೊತೆ ದಿನಾ ಎರಡು ಡಬ್ಬಿ ಕುಡಿಯುತ್ತಿದ್ದರು. ಈಗ ಮಜ್ಜಿಗೆ ಮಾಡಿಡುತ್ತೇನೆ. ಬ್ರೆಡ್, ಕೆಚಪ್ ಕೊಳ್ಳುವಾಗಲೂ 'ಆಡೆಡ್ ಶುಗರ್ಸ್' (ಬೆರೆಸಿದ ಸಕ್ಕರೆ) ಸಾಲು ನೋಡಿಯೇ ಬುಟ್ಟಿಗೆ ಹಾಕುತ್ತೇನೆ.

ಊರಿನ ಮಿಠಾಯಿ ಪೊಟ್ಟಣಗಳ ಮೇಲೆ ಲಿಕ್ವಿಡ್ ಗ್ಲೂಕೋಸ್ ಅಂತ ಇರುತ್ತದಲ್ಲ, ಅದೂ ಇದೇ ಜಾತಿಯದು.

ಬಾಟಲಿಗೆ ಐದರಲ್ಲಿ ಮೂರು ಸ್ಟಾರ್. ಹೇಳಿದ ಕೆಲಸ ಮಾಡುತ್ತದೆ. ಮುಕ್ಕಾಲು ಭಾಗ ಇನ್ನೂ ಉಳಿದಿದೆ, ಹಬ್ಬದ ಜಾಮೂನಿಗೆ ಎರಡೆರಡು ಚಮಚ ಹಾಕಿ ಮುಗಿಸುತ್ತೇನೆ. ಆಮೇಲೆ ಇನ್ನೊಂದು ತರುವುದಿಲ್ಲ, ನಿಂಬೆಹಣ್ಣೇ ಸಾಕು.