ಪೈಚಾರ್ಮ್: ಫ್ರೀ ಸಾಕೋ, ಪ್ರೊ ಬೇಕೋ?

ಪೈಚಾರ್ಮ್ ಅಂದರೆ ಪೈಥಾನ್ ಕೋಡ್ ಬರೆಯಲು ಜೆಟ್‌ಬ್ರೇನ್ಸ್ ಕಂಪನಿ ಮಾಡಿದ ಸಾಫ್ಟ್‌ವೇರ್. ಅದರ ಪ್ರೊಗೆ ದುಡ್ಡು ಹಾಕಬೇಕಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಕೋಡ್ ಓಡೋದು ಎಲ್ಲಿ? ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡುತ್ತಿದ್ದರೆ ಫ್ರೀ ಧಾರಾಳ ಸಾಕು. ಡಾಕರ್ ಕಂಟೈನರ್ (ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಪ್ರತ್ಯೇಕವಾಗಿ ಓಡಿಸುವ ಡಬ್ಬಿ) ಒಳಗೋ, ಎಸ್‌ಎಸ್‌ಎಚ್ ಮೂಲಕ ಹೋಗುವ ದೂರದ ಸರ್ವರ್‌ನಲ್ಲೋ ಓಡುತ್ತಿದ್ದರೆ ಆಗ ಪರ್ಸ್ ಕಡೆ ನೋಡಬಹುದು. ನಾನು ದಿನವಿಡೀ ಜಾಂಗೋ (ವೆಬ್‌ಸೈಟ್ ಕಟ್ಟುವ ಪೈಥಾನ್ ಚೌಕಟ್ಟು) ಬರೆಯುವವಳು, ಎರಡನ್ನೂ ಸಾಕಷ್ಟು ಬಳಸಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. 2013ರಿಂದ ಕಮ್ಯುನಿಟಿ, ಪ್ರೊಫೆಷನಲ್ ಅಂತ ಎರಡು ಬೇರೆ ಬೇರೆ ಡೌನ್‌ಲೋಡ್ ಇದ್ದವು. ಕಮ್ಯುನಿಟಿ ಓಪನ್ ಸೋರ್ಸ್. 2025ರಲ್ಲಿ ಜೆಟ್‌ಬ್ರೇನ್ಸ್ ಎರಡನ್ನೂ ಒಂದೇ ಇನ್‌ಸ್ಟಾಲರ್ ಮಾಡಿತು. ಈಗ ಹಾಕಿಕೊಂಡರೆ ಒಂದು ತಿಂಗಳು ಪ್ರೊ ಪೂರ್ತಿ ಸಿಗುತ್ತದೆ, ಆಮೇಲೆ ದುಡ್ಡು ಕಟ್ಟದಿದ್ದರೆ ಅದೇ ಸಾಫ್ಟ್‌ವೇರ್ ಫ್ರೀ ಭಾಗವನ್ನಷ್ಟೇ ಉಳಿಸಿಕೊಂಡು ನಡೆಯುತ್ತದೆ. ಮೊದಲು ಪ್ರೊದಲ್ಲಿ ಮಾತ್ರ ಇದ್ದ ಜುಪಿಟರ್ ನೋಟ್‌ಬುಕ್ (ಕೋಡ್, ಅದರ ಫಲಿತಾಂಶ ಒಂದೇ ಪುಟದಲ್ಲಿ ಕಾಣುವ ಫೈಲ್) ಕೂಡ ಈಗ ಫ್ರೀ ಪಾಲಿಗೆ ಬಂದಿದೆ. ಹಾಗಾಗಿ ಹಳೆಯ ಹೋಲಿಕೆ ಪಟ್ಟಿಗಳನ್ನು ನಂಬಬೇಡಿ.

ಫ್ರೀ ಅಂದರೆ ಕೈಕಾಲು ಕಟ್ಟಿ ಕೊಟ್ಟದ್ದೇನಲ್ಲ. ತಪ್ಪು ಹುಡುಕುವ ಡಿಬಗರ್, ಕೋಡ್‌ನ ಬದಲಾವಣೆ ದಾಖಲಿಸುವ ಗಿಟ್, ಟೆಸ್ಟ್ ಓಡಿಸುವ ಪೈಟೆಸ್ಟ್, ಪ್ರಾಜೆಕ್ಟಿಗೊಂದು ಬೇರೆ ಲೈಬ್ರರಿ ಜಾಗ ಕೊಡುವ ವರ್ಚುವಲ್ ಎನ್ವಿರಾನ್‌ಮೆಂಟ್ ಎಲ್ಲ ಅದರಲ್ಲಿವೆ. ಒಂದು ಫಂಕ್ಷನ್ ಹೆಸರು ಬದಲಿಸಿದರೆ ಪ್ರಾಜೆಕ್ಟ್ ತುಂಬ ಹುಡುಕಿ ಬದಲಿಸುವ ರಿಫ್ಯಾಕ್ಟರಿಂಗ್ ಕೂಡ. ಜಾಂಗೋಗೆ ಪ್ರೊ ಇಲ್ಲದೆ ಆಗೋದೇ ಇಲ್ಲ ಅನ್ನುವವರಿದ್ದಾರೆ. ಸುಳ್ಳು. ರನ್ ಕಾನ್ಫಿಗರೇಶನ್‌ನಲ್ಲಿ ಸ್ಕ್ರಿಪ್ಟ್ ಜಾಗಕ್ಕೆ ಮ್ಯಾನೇಜ್ ಡಾಟ್ ಪಿವೈ ಕೊಡಿ, ಪ್ಯಾರಾಮೀಟರ್ ಜಾಗದಲ್ಲಿ ರನ್‌ಸರ್ವರ್ ಅಂತ ಬರೆದು ಜೊತೆಗೆ ನೋರಿಲೋಡ್ (--noreload) ಆಪ್ಷನ್ ಸೇರಿಸಿ, ಡಿಬಗ್ ಒತ್ತಿ. ವ್ಯೂ (ಪುಟದ ಕೋರಿಕೆಗೆ ಉತ್ತರಿಸುವ ಫಂಕ್ಷನ್) ಒಳಗಿನ ಬ್ರೇಕ್‌ಪಾಯಿಂಟ್‌ಗೆ, ಅಂದರೆ ಕೋಡ್ ನಿಲ್ಲಲಿ ಅಂತ ನೀವು ಗುರುತಿಟ್ಟ ಸಾಲಿಗೆ, ಬಂದು ನಿಲ್ಲುತ್ತದೆ. ಇಷ್ಟಕ್ಕೆ ದುಡ್ಡು ಬೇಕಿಲ್ಲ.

ಟೆಂಪ್ಲೇಟ್‌ಗೆ, ಅಂದರೆ ಪುಟದ ಎಚ್‌ಟಿಎಂಎಲ್ ಅಚ್ಚಿಗೆ, ಬಂದಾಗ ವ್ಯತ್ಯಾಸ ಕಾಣುತ್ತದೆ. ಫ್ರೀಯಲ್ಲಿ ಜಾಂಗೋದ ಟ್ಯಾಗ್‌ಗಳು ಎಚ್‌ಟಿಎಂಎಲ್ ನಡುವೆ ಬರೀ ಅಕ್ಷರಗಳು. ಪ್ರೊದಲ್ಲಿ ರೆಂಡರ್ ಸಾಲಿನ ಫೈಲ್ ಹೆಸರಿನ ಮೇಲೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿದರೆ ಟೆಂಪ್ಲೇಟ್ ತೆರೆಯುತ್ತದೆ, ಟೆಂಪ್ಲೇಟ್ ಒಳಗೂ ಬ್ರೇಕ್‌ಪಾಯಿಂಟ್ ಇಡಬಹುದು. ಚೆನ್ನಾಗಿದೆ, ಆದರೆ ಇದೊಂದಕ್ಕಾಗಿ ನಾನಂತೂ ಚಂದಾ ಕಟ್ಟುತ್ತಿರಲಿಲ್ಲ. ಫ್ರಂಟ್‌ಎಂಡ್ ರಿಯಾಕ್ಟ್‌ನಲ್ಲಿ ಇರುವವರಿಗೆ ಟೆಂಪ್ಲೇಟ್ ಬೇಕಾಗುವುದೇ ಅಪರೂಪ.

ನಾನು ಕಟ್ಟುತ್ತಿರುವುದು ಡಾಕರ್‌ಗೋಸ್ಕರ. ನಮ್ಮ ಪ್ರಾಜೆಕ್ಟ್‌ನಲ್ಲಿ ಪೈಥಾನ್, ಡೇಟಾಬೇಸ್‌ಗಳಾದ ಪೋಸ್ಟ್‌ಗ್ರೆಸ್, ರೆಡಿಸ್ ಎಲ್ಲ ಕಂಪೋಸ್ ಫೈಲ್‌ನೊಳಗೆ (ಹಲವು ಕಂಟೈನರ್‌ಗಳನ್ನು ಒಟ್ಟಿಗೆ ಓಡಿಸುವ ಪಟ್ಟಿ), ಲ್ಯಾಪ್‌ಟಾಪ್‌ನಲ್ಲಿ ನೇರವಾಗಿ ಏನೂ ಇಲ್ಲ. ಪ್ರೊದಲ್ಲಿ ಇಂಟರ್‌ಪ್ರಿಟರ್ (ಕೋಡ್ ಓಡಿಸುವ ಪೈಥಾನ್) ಆಗಿ ಡಾಕರ್ ಕಂಪೋಸ್ ಆರಿಸಿ ಸರ್ವಿಸ್ ಹೆಸರು ಕೊಟ್ಟರೆ ಆಯಿತು: ಟೆಸ್ಟ್ ಕಂಟೈನರ್‌ನಲ್ಲಿ ಓಡುತ್ತದೆ, ಬ್ರೇಕ್‌ಪಾಯಿಂಟ್ ಅಲ್ಲೇ ಹಿಡಿಯುತ್ತದೆ, ಕಂಪ್ಲೀಶನ್ ಕೂಡ ಕಂಟೈನರ್‌ನಲ್ಲಿರುವ ಲೈಬ್ರರಿ ಆವೃತ್ತಿಯಿಂದಲೇ ಬರುತ್ತದೆ.

ದುಡ್ಡಿಲ್ಲದೆಯೂ ದಾರಿ ಇದೆ, ಅದನ್ನೂ ಹೇಳಬೇಕು. ಮೈಕ್ರೋಸಾಫ್ಟ್‌ನ ಉಚಿತ ಎಡಿಟರ್ ವಿಎಸ್ ಕೋಡ್ ತೆರೆದು, ಕಂಟೈನರ್‌ಗೆ ಡಿಬಗ್‌ಪೈ ಎಂಬ ಡಿಬಗರ್ ಹಾಕಿ, 5678ನೇ ಪೋರ್ಟ್ ಬಿಟ್ಟುಕೊಟ್ಟು ಅಟ್ಯಾಚ್ ಮಾಡಿ. ಸೆಟಪ್ ಫೈಲ್‌ನಲ್ಲಿ ಈ ಕಡೆಯ ಫೋಲ್ಡರ್ ಮತ್ತು ಕಂಟೈನರ್ ಕಡೆಯ ಫೋಲ್ಡರ್ ಒಂದಕ್ಕೊಂದು ಸರಿಯಾಗಿ ಹೊಂದದಿದ್ದರೆ ಮಾತ್ರ ಬ್ರೇಕ್‌ಪಾಯಿಂಟ್‌ನ ಕೆಂಪು ಚುಕ್ಕೆ ಟೊಳ್ಳು ಬೂದು ವೃತ್ತವಾಗಿ ನಿಂತುಬಿಡುತ್ತದೆ. ಎರರ್ ಇಲ್ಲ, ಕೋಡ್ ನಿಲ್ಲುವುದೂ ಇಲ್ಲ. ಒಮ್ಮೆ ಸರಿ ಮಾಡಿಕೊಂಡರೆ ಆಮೇಲೆ ನಿಶ್ಚಿಂತೆ. ಸೆಟಪ್ ಜೊತೆ ಗುದ್ದಾಡುವುದೇ ಖುಷಿ ಅನ್ನುವವರಿಗೆ ಇದೇ ಒಳ್ಳೆಯದು, ನನಗೆ ಆ ತಾಳ್ಮೆ ಇಲ್ಲ.

ಎರಡನೆಯ ಕಾರಣ ಡೇಟಾಬೇಸ್. ಪ್ರೊದಲ್ಲಿ ಪೋಸ್ಟ್‌ಗ್ರೆಸ್ ಜೋಡಿಸಿಟ್ಟರೆ ಪೈಥಾನ್ ಸ್ಟ್ರಿಂಗ್ ಒಳಗೆ ಬರೆದ ಎಸ್‌ಕ್ಯೂಎಲ್‌ಗೂ ಕಾಲಂ ಹೆಸರು ಸೂಚಿಸುತ್ತದೆ, ಇಲ್ಲದ ಕಾಲಂ ಬರೆದರೆ ಅಲ್ಲೇ ಗುರುತು ಹಾಕುತ್ತದೆ. ಟೇಬಲ್ ನೋಡುವುದಷ್ಟೇ ಬೇಕಿದ್ದರೆ ಡಿಬೀವರ್ ಫ್ರೀ ಇದೆ, ಅದೇ ಸಾಕು.

ಚಂದಾ ವಿಷಯದಲ್ಲಿ ಕಣ್ಣಿಗೆ ಬೀಳದ ಒಂದು ಸಂಗತಿ ಇದೆ. ವರ್ಷ ಪೂರ್ತಿ ಕಟ್ಟಿ ನಿಲ್ಲಿಸಿದರೂ ಒಂದು ಆವೃತ್ತಿ ಶಾಶ್ವತವಾಗಿ ನಿಮ್ಮದಾಗುತ್ತದೆ. ಆದರೆ ಅದು ನಿನ್ನೆವರೆಗೆ ಬಳಸುತ್ತಿದ್ದದ್ದಲ್ಲ, ಆ ವರ್ಷದ ಶುರುವಿನಲ್ಲಿ ಇದ್ದದ್ದು. ಮಧ್ಯದಲ್ಲಿ ಬಂದ ಹೊಸ ಸೌಲಭ್ಯಗಳು ಕೈಬಿಟ್ಟು ಹೋಗುತ್ತವೆ. ವಿದ್ಯಾರ್ಥಿಗಳಿಗೆ, ಕಲಿಸುವವರಿಗೆ ಪ್ರೊ ಉಚಿತ, ಅವರು ಇಷ್ಟೆಲ್ಲ ಯೋಚಿಸಬೇಕಾಗಿಲ್ಲ.

ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೋದಲ್ಲಿ (ಮೇಲೆ ಹೇಳಿದ ವಿಎಸ್ ಕೋಡ್ ಅಲ್ಲ, ಬೇರೆಯದು) ಲೆಕ್ಕವೇ ಬೇರೆ. 2014ರಲ್ಲಿ ಬಂದ ಅದರ ಕಮ್ಯುನಿಟಿಯಲ್ಲಿ ಸೌಲಭ್ಯ ಹೆಚ್ಚುಕಡಿಮೆ ಪ್ರೊಫೆಷನಲ್‌ನಷ್ಟೇ ಇದೆ. ತಡೆ ಇರುವುದು ಲೈಸೆನ್ಸ್‌ನಲ್ಲಿ. ಒಬ್ಬರೇ ಕೆಲಸ ಮಾಡುವವರು ಅದರಲ್ಲಿ ಮಾಡಿದ್ದನ್ನು ಮಾರಿಕೊಳ್ಳಬಹುದು. ಸಣ್ಣ ಸಂಸ್ಥೆಯಲ್ಲಿ ಒಮ್ಮೆಗೆ ಐದು ಜನರವರೆಗೆ ಸರಿ. 250ಕ್ಕಿಂತ ಹೆಚ್ಚು ಕಂಪ್ಯೂಟರ್ ಅಥವಾ ವರ್ಷಕ್ಕೆ 10 ಲಕ್ಷ ಡಾಲರ್ ಮೀರಿದ ಆದಾಯ ಇರುವ ಕಂಪನಿಗೆ, ಕಲಿಕೆ, ಸಂಶೋಧನೆ, ಓಪನ್ ಸೋರ್ಸ್‌ನಂಥ ಕೆಲಸ ಬಿಟ್ಟರೆ ಅದು ಸಲ್ಲದು. ಅಲ್ಲಿ ಕೇಳಬೇಕಾದ್ದು ಕೋಡ್ ಎಲ್ಲಿ ಓಡುತ್ತದೆ ಅಂತಲ್ಲ, ನಿಮ್ಮ ಕಂಪನಿ ಎಷ್ಟು ದೊಡ್ಡದು ಅಂತ.

ಪೈಚಾರ್ಮ್‌ನ ಟ್ರಯಲ್ ತಿಂಗಳನ್ನು ಆಟದ ಪ್ರಾಜೆಕ್ಟ್‌ನಲ್ಲಿ ಕಳೆಯಬೇಡಿ. ನಿಮ್ಮ ಅತಿ ಗಜಿಬಿಜಿಯ ಪ್ರಾಜೆಕ್ಟನ್ನೇ ತೆರೆಯಿರಿ, ಮೊದಲ ದಿನವೇ ಕಂಟೈನರ್ ಜೋಡಿಸಿ ಒಂದು ಬ್ರೇಕ್‌ಪಾಯಿಂಟ್ ಇಟ್ಟು ನೋಡಿ. ತಿಂಗಳು ಮುಗಿಯುವ ಹೊತ್ತಿಗೂ ಪ್ರೊದ ಈ ಸೌಲಭ್ಯಗಳ ಕಡೆ ಮತ್ತೆ ಕೈ ಹೋಗಿರದಿದ್ದರೆ ಫ್ರೀಯಲ್ಲೇ ಇರಿ.