ಮೊಬೈಲ್, ಇಟ್ರೆಕ್ಸ್, ವಾಚ್: ಯಾವ ದಾರಿಗೆ ಯಾವ ಜಿಪಿಎಸ್?

ಯಾವ ಜಿಪಿಎಸ್ ಸಾಧನ ಕೊಳ್ಳಲಿ ಎಂದು ಯಾರಾದರೂ ಕೇಳಿದರೆ, ಯಾವ ದಾರಿಗೆ ಎಂದು ನಾನು ತಿರುಗಿ ಕೇಳುತ್ತೇನೆ. ಬೆಂಗಳೂರಿನಿಂದ ಸಾಗರಕ್ಕೆ ಬೈಕಿನಲ್ಲಿ ಹೋಗುವವರ ಅಗತ್ಯವೇ ಬೇರೆ, ಜುಲೈ ಮಳೆಯಲ್ಲಿ ಕೊಡಚಾದ್ರಿ ಹತ್ತುವವರ ಅಗತ್ಯವೇ ಬೇರೆ. ನನಗೆ ಎರಡರ ಹುಚ್ಚೂ ಇದೆ. ಹಾಗಾಗಿ ಮೂರು ಬಗೆಯ ಸಾಧನಗಳನ್ನು ವರ್ಷಗಟ್ಟಲೆ ಬಳಸಿದ್ದೇನೆ: ಮಧ್ಯಮ ಬೆಲೆಯ ಆಂಡ್ರಾಯ್ಡ್ ಮೊಬೈಲ್, ಗಾರ್ಮಿನ್ ಕಂಪನಿಯ ಇಟ್ರೆಕ್ಸ್ 22ಎಕ್ಸ್ ಎಂಬ ಕೈಸಾಧನ, ಓಟಗಾರರು ಕಟ್ಟಿಕೊಳ್ಳುವಂಥ ಜಿಪಿಎಸ್ ವಾಚ್. ಇಷ್ಟು ಬಳಸಿದ ಮೇಲೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬಲ್ಲೆ. ಹೆಚ್ಚಿನವರಿಗೆ ಹೊಸ ಸಾಧನ ಬೇಕಾಗಿಯೇ ಇಲ್ಲ. ಆ ಹಣ ಮೊದಲು ಒಳ್ಳೆಯ ಹೋಲ್ಡರಿಗೆ, ಪವರ್ ಬ್ಯಾಂಕಿಗೆ ಹೋಗಬೇಕು. ಸ್ವಲ್ಪ ಸಮಯ ನಕ್ಷೆಗೆ ಹೋಗಬೇಕು.

ದುಬಾರಿ ಸಾಧನ ಹೆಚ್ಚು ನಿಖರ ಎಂಬ ನಂಬಿಕೆ ಅಂಗಡಿಗಳಲ್ಲಿ ಇನ್ನೂ ಓಡಾಡುತ್ತಿದೆ. ಮೂರೂ ಸಾಧನಗಳು ಕೇಳಿಸಿಕೊಳ್ಳುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅದೇ ಜಿಪಿಎಸ್ ಉಪಗ್ರಹಗಳನ್ನು. ನಾಗರಿಕರಿಗೆ ಸಿಗುವ ಸಿಗ್ನಲನ್ನು ಬೇಕೆಂದೇ ಕೆಡಿಸುವ ಪದ್ಧತಿಯನ್ನು ಅಮೆರಿಕ 2000ದ ಮೇ ತಿಂಗಳಿನಲ್ಲೇ ನಿಲ್ಲಿಸಿತು. ಬಯಲಿನಲ್ಲಿ ನಿಂತರೆ ಮೂರೂ ಕೆಲವೇ ಮೀಟರ್‌ಗಳ ಒಳಗೆ ಸರಿಯಾದ ಜಾಗ ತೋರಿಸುತ್ತವೆ. ಎತ್ತರದ ಕಟ್ಟಡಗಳ ನಡುವೆಯಂತೂ ನನ್ನ ಮೊಬೈಲೇ ಇಟ್ರೆಕ್ಸ್‌ಗಿಂತ ಚೆನ್ನಾಗಿತ್ತು. ಇಟ್ರೆಕ್ಸ್ ಒಂದೇ ತರಂಗಾಂತರದಲ್ಲಿ ಕೇಳುತ್ತದೆ. ಹಲವು ಮೊಬೈಲ್‌ಗಳಲ್ಲಿ 2018ರಿಂದೀಚೆಗೆ ಎಲ್1 ಎಂಬ ಆ ಹಳೆಯ ತರಂಗಾಂತರದ ಜೊತೆಗೆ ಎಲ್5 ಎಂಬ ಎರಡನೆಯದೂ ಬಂದಿದೆ. ಗೋಡೆಗೆ ಬಡಿದು ಬಂದ ಸಿಗ್ನಲ್ ಯಾವುದು, ನೇರ ಬಂದದ್ದು ಯಾವುದು ಎಂದು ಬೇರ್ಪಡಿಸಲು ಈ ಎರಡನೆಯದು ನೆರವಾಗುತ್ತದೆ. ಜಿಪಿಎಸ್‌ನಂತೆಯೇ ಜಾಗ ತೋರಿಸುವ ನಮ್ಮ ಇಸ್ರೋದ ನಾವಿಕ್ ಉಪಗ್ರಹ ವ್ಯವಸ್ಥೆ ಬಳಸುವುದೂ ಎಲ್5 ತರಂಗಾಂತರವನ್ನೇ. ಆದ್ದರಿಂದ ಮೊಬೈಲ್ ಪೆಟ್ಟಿಗೆಯ ಮೇಲೆ ನಾವಿಕ್ ಎಂದಿದ್ದರೆ ಒಳಗಿನ ಚಿಪ್ ಎಲ್5 ಕೇಳಬಲ್ಲದು ಎಂದು ಸಾಮಾನ್ಯವಾಗಿ ತಿಳಿಯಬಹುದು. ನಾನು ಆ ಪದವನ್ನು ಹುಡುಕುವುದು ಈ ಕಾರಣಕ್ಕೆ. ನಮ್ಮ ರಾಜ್ಯದ ಬ್ಯಾಲಾಳು ಮತ್ತು ಹಾಸನದ ಕೇಂದ್ರಗಳಿಂದ ನಡೆಯುವ ವ್ಯವಸ್ಥೆ ಎಂಬ ಅಭಿಮಾನವೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ನಿಖರತೆಯಲ್ಲಿ ಅಂತರವಿಲ್ಲದಿದ್ದರೆ ಅಂತರ ಇರುವುದೆಲ್ಲಿ? ಬಿಸಿಲು, ಮಳೆ, ಬ್ಯಾಟರಿ, ನಕ್ಷೆ, ಇವುಗಳಲ್ಲಿ.

ರಸ್ತೆಯ ಮಾತಿಗೆ ಬಂದರೆ ಮೊಬೈಲಿಗೆ ಎದುರಾಳಿಯೇ ಇಲ್ಲ. ತುಮಕೂರಿನಾಚೆ ಎಲ್ಲಿ ವಾಹನ ನಿಂತಿದೆ, ಯಾವ ಸೇತುವೆಯ ಕೆಲಸ ನಡೆಯುತ್ತಿದೆ ಎಂಬುದು ಇಟ್ರೆಕ್ಸ್‌ಗೆ ಗೊತ್ತಾಗುವ ಮಾರ್ಗವಿಲ್ಲ. ಊರಿನ ಹೆಸರು ಬರೆಯಲು ಅದರ ಪುಟ್ಟ ಕಡ್ಡಿಯನ್ನು ತಳ್ಳಿ ತಳ್ಳಿ ಒಂದೊಂದೇ ಅಕ್ಷರ ಆರಿಸಬೇಕು. ಮೊಬೈಲಿನಲ್ಲಾದರೆ ಗೂಗಲ್ ಮ್ಯಾಪ್ಸ್ ಕನ್ನಡದಲ್ಲೇ ತಿರುವು ಹೇಳುತ್ತದೆ. ಮ್ಯಾಪ್‌ಮೈಇಂಡಿಯಾದ ಮ್ಯಾಪಲ್ಸ್ ದೊಡ್ಡ ಕೂಡುರಸ್ತೆಗಳ ಚಿತ್ರವನ್ನೇ ಬಿಡಿಸಿ ತೋರಿಸುತ್ತದೆ. ಇಬ್ಬರಿಗೂ ಕಷ್ಟವಾಗುವ ಜಾಗಗಳಿವೆ. ಗೊರಗುಂಟೆಪಾಳ್ಯದಲ್ಲಿ ಮೇಲ್ಸೇತುವೆ ಹತ್ತಿದ್ದೀರೋ ಕೆಳಗಿನ ರಸ್ತೆಯಲ್ಲೇ ಉಳಿದಿದ್ದೀರೋ ಎಂಬುದನ್ನು ಜಿಪಿಎಸ್ ಬೇಗ ತೀರ್ಮಾನಿಸಲಾರದು; ಎರಡೂ ನಕ್ಷೆಯ ಮೇಲೆ ಒಂದೇ ಗೆರೆಯಲ್ಲಿವೆ, ಎತ್ತರದ ಲೆಕ್ಕ ಅಷ್ಟು ಸೂಕ್ಷ್ಮವಾಗಿ ಸಿಗುವುದಿಲ್ಲ. ಅಲ್ಲಿ ಕಣ್ಣು ಫಲಕದ ಮೇಲಿರಬೇಕು, ಪರದೆಯ ಮೇಲಲ್ಲ.

ಆದರೆ ಬೈಕಿನ ಮೇಲೆ ಮೊಬೈಲ್ ಚೆನ್ನಾಗಿ ಬಾಳುವುದೋ ಇಲ್ಲವೋ ಎಂಬುದು ಹೋಲ್ಡರಿನ ಕೈಯಲ್ಲಿದೆ. ನಾನು ಮೂರು ಬಗೆ ನೋಡಿದೆ. ಕನ್ನಡಿಯ ಕಡ್ಡಿಗೆ ಬಿಗಿಯುವಂಥದ್ದು ಅಗ್ಗ, ಆದರೆ ಕಡ್ಡಿಯ ನಡುಕವೆಲ್ಲ ಪರದೆಗೆ ಬರುತ್ತದೆ. ಅರವತ್ತರ ವೇಗದಲ್ಲಿ ಅಕ್ಷರ ಓದಲಾಗುವುದಿಲ್ಲ. ನಾಲ್ಕು ಮೂಲೆ ಹಿಡಿಯುವ ಸ್ಪ್ರಿಂಗ್ ಹಿಡಿಕೆ ಗಟ್ಟಿ, ಹೊಂಡಕ್ಕೆ ಬಿದ್ದರೂ ಮೊಬೈಲ್ ಹಾರುವುದಿಲ್ಲ, ಆದರೆ ಎಂಜಿನ್ನಿನ ಕಂಪನವನ್ನು ತಡೆಯುವುದಿಲ್ಲ. ಮೂರನೆಯದು ಹ್ಯಾಂಡಲ್ಲಿಗೂ ಹಿಡಿಕೆಗೂ ನಡುವೆ ರಬ್ಬರ್ ಬುಷ್‌ಗಳಿರುವ, ಕಂಪನ ಹೀರುವ ಜೋಡಣೆ. ಬೆಲೆ ಹೆಚ್ಚು, ಆದರೆ ನನ್ನ ಬೈಕಿನಲ್ಲಿ ಉಳಿದದ್ದು ಇದೇ. ಕ್ಯಾಮೆರಾದ ಒಳಗೆ ಮಸೂರವನ್ನು ಅಲುಗಾಡದಂತೆ ಹಿಡಿಯುವ ಅತಿ ಸಣ್ಣ ಯಂತ್ರವಿರುತ್ತದೆ; ದೊಡ್ಡ ಎಂಜಿನ್ನಿನ ಕಂಪನ ಅದನ್ನು ಕೆಡಿಸಬಹುದು ಎಂದು ಆಪಲ್ ಕಂಪನಿಯೇ 2021ರ ಸೆಪ್ಟೆಂಬರಿನಲ್ಲಿ ಎಚ್ಚರಿಸಿತ್ತು. ನನ್ನ ಗೆಳೆಯರೊಬ್ಬರ ಮೊಬೈಲಿನಲ್ಲಿ ಇದನ್ನು ಕಣ್ಣಾರೆ ಕಂಡೆ. ಕ್ಯಾಮೆರಾ ತೆರೆದರೆ ಚಿತ್ರ ಜೆಲ್ಲಿಯಂತೆ ತುಳುಕುತ್ತಿತ್ತು, ಹಿಂಬದಿಗೆ ಕಿವಿಯಿಟ್ಟರೆ ಸಣ್ಣ ಗುಂಯ್ ಸದ್ದು. ಅವರು ಸಿಂಗಲ್ ಸಿಲಿಂಡರ್ ಬೈಕಿನಲ್ಲಿ ತಿಂಗಳುಗಟ್ಟಲೆ ಸ್ಪ್ರಿಂಗ್ ಹಿಡಿಕೆ ಬಳಸಿದ್ದರು.

ಬಿಸಿಲು ಇನ್ನೊಂದು ಕಾಟ. ಏಪ್ರಿಲ್ ಮಧ್ಯಾಹ್ನ ಅರಸೀಕೆರೆಯ ಬಯಲಿನಲ್ಲಿ ಮೊಬೈಲ್ ಕಾದು ಪರದೆ ತಾನಾಗಿ ಮಂಕಾಗುತ್ತದೆ, ಚಾರ್ಜ್ ತೆಗೆದುಕೊಳ್ಳುವುದನ್ನೂ ನಿಲ್ಲಿಸುತ್ತದೆ. ಇಟ್ರೆಕ್ಸ್‌ನ ಪರದೆ ಬಿಸಿಲನ್ನೇ ಪ್ರತಿಫಲಿಸಿಕೊಂಡು ಇನ್ನಷ್ಟು ಸ್ಪಷ್ಟವಾಗುತ್ತದೆ. ಆದರೂ ರಸ್ತೆಗೆ ಅದು ಬೇಡ. ಮುಂದಿನ ತಿರುವು ದೂರವಿದ್ದರೆ ಪರದೆ ಆರಿಸಿಟ್ಟು, ದಾರಿಯಲ್ಲಿ ನಿಂತಾಗ ಮೊಬೈಲನ್ನು ನೆರಳಿಗೆ ತಂದರೆ ಸಾಕು.

ಗುಡ್ಡ ಹತ್ತತೊಡಗಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಕೊಡಚಾದ್ರಿಗೆ ಹಿಡ್ಲುಮನೆ ಜಲಪಾತದ ಕಡೆಯಿಂದ ಹತ್ತುವ ದಾರಿಯಲ್ಲಿ ಮೂರನ್ನೂ ಒಟ್ಟಿಗೆ ಒಯ್ದಿದ್ದೆ. ಮಳೆ ಬಿಟ್ಟೂ ಬಿಡದೆ ಸುರಿಯುತ್ತಿತ್ತು. ಅಲ್ಲಿ ಗದ್ದೆ ದಾಟಿದ ಮೇಲೆ ದನ ಹೋಗುವ ದಾರಿ, ಸೊಪ್ಪು ತರುವ ದಾರಿ, ಚಾರಣದ ದಾರಿ ಎಲ್ಲ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಒಂದು ಕವಲಿನಲ್ಲಿ ನಿಂತು ಮೂರನ್ನೂ ಹೊರತೆಗೆದೆ.

ಮೊಬೈಲ್ ನೀರು ತಾಗದ ಪ್ಲಾಸ್ಟಿಕ್ ಚೀಲದಲ್ಲಿತ್ತು. ಒಳಗೆ ಆವಿ ಹಿಡಿದು ಪರದೆ ಮಬ್ಬಾಗಿತ್ತು, ಚೀಲದ ಮೇಲೆ ಬಿದ್ದ ಹನಿಗಳನ್ನೇ ಬೆರಳೆಂದು ತಿಳಿದು ನಕ್ಷೆ ಅತ್ತಿತ್ತ ಓಡುತ್ತಿತ್ತು. ಅಂಗಿಯಿಂದ ಒರೆಸಿ, ರೇನ್‌ಕೋಟಿನ ಮರೆಯಲ್ಲಿ ಹಿಡಿದ ಮೇಲೆ ಮಾತ್ರ ನಕ್ಷೆ ಕಂಡಿತು. ಆದರೆ ಕಂಡ ನಕ್ಷೆ ಮೂರರಲ್ಲಿ ಅತ್ಯುತ್ತಮ: ಕವಲಿನ ಎರಡೂ ದಾರಿಗಳು, ಹಳ್ಳ, ಒಂದೇ ಎತ್ತರದ ಜಾಗಗಳನ್ನು ಜೋಡಿಸುವ, ಒತ್ತೊತ್ತಾಗಿ ಬಂದ ಸಮೋನ್ನತಿ ರೇಖೆಗಳು. ಎಡದ ದಾರಿ ಹಳ್ಳದ ಕಡೆಗೆ ಇಳಿಯುತ್ತದೆ ಎಂಬುದು ಒಂದೇ ನೋಟಕ್ಕೆ ತಿಳಿಯಿತು.

ಇಟ್ರೆಕ್ಸ್ ಯಾವ ಚೀಲವೂ ಇಲ್ಲದೆ ಮಳೆಯಲ್ಲೇ ಕೈಯಲ್ಲಿತ್ತು. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಾಳುವ ಸಾಧನಕ್ಕೆ ಮಳೆ ಒಂದು ಲೆಕ್ಕವಲ್ಲ. ಬೆರಳು ಒದ್ದೆಯಾಗಿದ್ದರೂ ಗುಂಡಿ ಒತ್ತಿದರೆ ಒತ್ತಿದ್ದೇ. 2.2 ಇಂಚಿನ ಪರದೆಯಲ್ಲಿ ನಕ್ಷೆಯನ್ನು ಸರಿಸುವುದು ನಿಧಾನ, ಆದರೆ ಭರವಸೆಯ ಕೆಲಸ. ಅದರ ದೊಡ್ಡ ಕೊರತೆ ಕವಲಿನಲ್ಲೇ ಕಂಡಿತು: 22ಎಕ್ಸ್‌ನಲ್ಲಿ ಕಾಂತೀಯ ದಿಕ್ಸೂಚಿ ಇಲ್ಲ. ನಡೆಯುತ್ತಿದ್ದರೆ ದಿಕ್ಕು ಸರಿ, ನಿಂತರೆ ಬಾಣ ತೋಚಿದ ಕಡೆ ತಿರುಗುತ್ತದೆ. ಹತ್ತು ಹೆಜ್ಜೆ ನಡೆದು ನೋಡಿ ನಂಬಬೇಕು. ಸ್ವಲ್ಪ ಹೆಚ್ಚು ಹಣ ಕೊಟ್ಟರೆ ಸಿಗುವ 32ಎಕ್ಸ್‌ನಲ್ಲಿ ದಿಕ್ಸೂಚಿಯೂ ವಾಯುಭಾರದಿಂದ ಎತ್ತರ ಅಳೆಯುವ ವ್ಯವಸ್ಥೆಯೂ ಇವೆ. ನಮ್ಮ ಕಾಡುಗಳ ಮಟ್ಟಿಗೆ ಆ ಹೆಚ್ಚಿನ ಹಣ ದಂಡವಲ್ಲ. ಮೊಬೈಲಿನಲ್ಲಿ ದಿಕ್ಸೂಚಿ ಇದೆ, ಆದರೆ ಕವರಿನಲ್ಲಿ ಅಯಸ್ಕಾಂತದ ಮುಚ್ಚಳವಿದ್ದರೆ ಅದೂ ದಾರಿ ತಪ್ಪಿಸುತ್ತದೆ. ಚಾರಣಕ್ಕೆ ಅಂಥ ಕವರ್ ತೆಗೆದಿಡಿ.

ವಾಚ್ ಒಂದು ತೆಳು ಗೆರೆ ತೋರಿಸಿತು, ಅಷ್ಟೇ. ನಡೆದ ದಾರಿಯನ್ನು ಯಾವ ಗೋಜೂ ಇಲ್ಲದೆ ದಾಖಲಿಸುವುದರಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಬಂದ ದಾರಿಯಲ್ಲೇ ಹಿಂತಿರುಗಲು ಆ ಗೆರೆ ಸಾಕು. ಮುಂದೆ ಹೋಗಲು, ಅದೂ ಸುತ್ತಲಿನ ನೆಲ ಹೇಗಿದೆ ಎಂದು ತಿಳಿಯದೆ, ಸಾಲದು.

ಮೊಬೈಲಿನ ನಕ್ಷೆ ಎಂದೆನಲ್ಲ, ಅದು ಗೂಗಲ್ ಮ್ಯಾಪ್ಸ್ ಆಗಿರಲಿಲ್ಲ. ಗೂಗಲ್ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೂ ನೆಟ್‌ವರ್ಕ್ ಇಲ್ಲದಾಗ ಅದು ವಾಹನದ ದಾರಿ ಹೇಳುತ್ತದೆಯೇ ಹೊರತು ಕಾಲ್ನಡಿಗೆಯ ದಾರಿ ಹೇಳುವುದಿಲ್ಲ. ಮಲೆನಾಡಿನ ಕಾಲುದಾರಿಗಳು ಅದರಲ್ಲಿ ಕಾಣುವುದೂ ಅಪರೂಪ. ಚಾರಣಕ್ಕೆ, ಜನರೇ ಸೇರಿ ಬಿಡಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆ ಆಧಾರಿತ ಆ್ಯಪ್‌ಗಳೇ ಸರಿ. ಆರ್ಗ್ಯಾನಿಕ್ ಮ್ಯಾಪ್ಸ್ ಸರಳ, ಉಚಿತ, ಜಾಹೀರಾತಿಲ್ಲ. ಮನೆಯವರಿಗೆಲ್ಲ ಅದನ್ನೇ ಹಾಕಿಕೊಟ್ಟಿದ್ದೇನೆ. ಓಸ್ಮ್‌ಆ್ಯಂಡ್ ಕಲಿಯಲು ಹೊತ್ತು ಬೇಕು, ಆದರೆ ಕೆದಕಿದಷ್ಟೂ ಸೌಲಭ್ಯಗಳಿವೆ. ಇಟ್ರೆಕ್ಸ್‌ನ ಜೊತೆ ಬರುವ ನಕ್ಷೆ ನಮ್ಮ ಕಾಡುಗಳಿಗೆ ಏನೇನೂ ಸಾಲದು. ಓಪನ್‌ಟೊಪೊಮ್ಯಾಪ್ ಗಾರ್ಮಿನ್ ಸಾಧನಗಳಿಗಾಗಿಯೇ ತಯಾರಿಸಿದ ನಕ್ಷೆಯನ್ನು ಉಚಿತವಾಗಿ ಇಳಿಸಿಕೊಂಡು ಮೆಮೊರಿ ಕಾರ್ಡಿಗೆ ಹಾಕಿದರೆ ಅದೇ ಸಾಧನ ಬೇರೆಯೇ ಆಗುತ್ತದೆ. ಈ ನಕ್ಷೆಗಳನ್ನು ಬಿಡಿಸಿದವರು ನಮ್ಮಂಥ ನಡೆಯುವವರೇ. ಆದ್ದರಿಂದ ಒಂದು ಕೋರಿಕೆ: ನೀವು ನಡೆದ, ಎಲ್ಲರಿಗೂ ತೆರೆದಿರುವ ದಾರಿ ನಕ್ಷೆಯಲ್ಲಿ ಇಲ್ಲದಿದ್ದರೆ ಸೇರಿಸಿ.

ಬ್ಯಾಟರಿಯ ವಿಷಯದಲ್ಲಿ ಇಟ್ರೆಕ್ಸ್ ನಿಜಕ್ಕೂ ಮುಂದೆ. ಎರಡು ಪೆನ್ಸಿಲ್ ಸೆಲ್‌ಗಳಲ್ಲಿ 25 ಗಂಟೆ ಎಂದು ಕಂಪನಿ ಹೇಳುತ್ತದೆ. ಪರದೆಯ ಬೆಳಕು ಕಡಿಮೆಯಿಟ್ಟರೆ ಎರಡು ಹಗಲು ನಿಶ್ಚಿಂತೆ. ಸೆಲ್ ಮುಗಿದರೆ ಹೊಸನಗರದ ಯಾವ ಅಂಗಡಿಯಲ್ಲೂ ಸಿಗುತ್ತದೆ. ಮರುಚಾರ್ಜ್ ಮಾಡುವ ಸೆಲ್ ಬಳಸುವವರು ಸಾಧನದ ಸೆಟ್ಟಿಂಗ್‌ನಲ್ಲಿ ಸೆಲ್‌ನ ಬಗೆಯನ್ನು ಬದಲಿಸಲೇಬೇಕು, ಇಲ್ಲವಾದರೆ ಎಷ್ಟು ಉಳಿದಿದೆ ಎಂಬ ಸೂಚನೆ ಸುಳ್ಳು ಹೇಳುತ್ತದೆ.

ಮೊಬೈಲಿನ ಬ್ಯಾಟರಿಯನ್ನು ತಿನ್ನುವುದು ಜಿಪಿಎಸ್ ಎಂದು ಹಲವರು ನಂಬಿದ್ದಾರೆ. ಕಾಡಿನಲ್ಲಿ ಹೆಚ್ಚು ತಿನ್ನುವುದು ಸಿಗದ ನೆಟ್‌ವರ್ಕನ್ನು ಹುಡುಕುವ ಕೆಲಸ ಮತ್ತು ಹೊತ್ತಿಕೊಂಡೇ ಇರುವ ಪರದೆ. ಏರೋಪ್ಲೇನ್ ಮೋಡ್ ಹಾಕಿ. ಜಿಪಿಎಸ್ ಬರೀ ಕೇಳಿಸಿಕೊಳ್ಳುವ ಕೆಲಸವಾದ್ದರಿಂದ ಅದು ನಡೆಯುತ್ತಲೇ ಇರುತ್ತದೆ. ಹೀಗೆ ಮಾಡಿದ ಮೇಲೆ ಮುಂಜಾನೆ ಹತ್ತಿ ಸಂಜೆ ಇಳಿಯುವ ಚಾರಣದಲ್ಲಿ ನನ್ನ ಮೊಬೈಲಿಗೆ ಪವರ್ ಬ್ಯಾಂಕೇ ಬೇಕಾಗಿಲ್ಲ. ಎರಡು ದಿನದ ಚಾರಣಕ್ಕೆ 10,000 ಎಂಎಎಚ್‌ನದೊಂದು ಸಾಕು. ಆ ಸಂಖ್ಯೆ ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ. 5 ವೋಲ್ಟಿಗೆ ಏರಿಸಿ ಹೊರಗೆ ಕೊಡುವಾಗ ಸುಮಾರು 6,000ಕ್ಕೆ ಇಳಿಯುತ್ತದೆ. ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಇದನ್ನೂ ಅಚ್ಚು ಮಾಡಿರುತ್ತಾರೆ. ಅದನ್ನು ಓದಿ ಹೋಲಿಸಿ.

ಎತ್ತರದ ವಿಷಯದಲ್ಲಿ ನಮ್ಮ ನಾಡಿಗೇ ವಿಶೇಷವಾದ ಗೊಂದಲವೊಂದಿದೆ. ಪಣಂಬೂರಿನ ಕಡಲತೀರದಲ್ಲಿ ನಿಂತು ಕೆಲವು ಆ್ಯಪ್ ತೆರೆದರೆ, ನೀವು ಸಮುದ್ರಮಟ್ಟದಿಂದ 80 ಮೀಟರಿಗೂ ಹೆಚ್ಚು ಕೆಳಗಿದ್ದೀರಿ ಎನ್ನುತ್ತವೆ. ಮೊಬೈಲ್ ಕೆಟ್ಟಿಲ್ಲ. ಜಿಪಿಎಸ್ ಎತ್ತರವನ್ನು ಅಳೆಯುವುದು ಗಣಿತದ ನುಣುಪಾದ ಭೂಗೋಳದಿಂದ. ನಿಜವಾದ ಸಮುದ್ರಮಟ್ಟ ಗುರುತ್ವದ ಏರಿಳಿತವನ್ನು ಅನುಸರಿಸುತ್ತದೆ. ಶ್ರೀಲಂಕಾದ ದಕ್ಷಿಣಕ್ಕೆ ಗುರುತ್ವದ ದೊಡ್ಡ ತಗ್ಗೊಂದಿದ್ದು, ಅದರ ಅಂಚಿನಲ್ಲಿರುವ ದಕ್ಷಿಣ ಭಾರತದಲ್ಲಿ ಇವೆರಡರ ಅಂತರ ಹೆಚ್ಚು. ಇಟ್ರೆಕ್ಸ್ ಈ ವ್ಯತ್ಯಾಸವನ್ನು ತಾನೇ ಸರಿಪಡಿಸಿ ತೋರಿಸುತ್ತದೆ. ಮೊಬೈಲಿನಲ್ಲಿ ಆ್ಯಪ್‌ನಿಂದ ಆ್ಯಪ್‌ಗೆ ಬದಲಾಗುತ್ತದೆ. 1,343 ಮೀಟರಿನ ಕೊಡಚಾದ್ರಿಯ ತುದಿಯಲ್ಲಿ ನಿಮ್ಮ ಆ್ಯಪ್ 1,260ರ ಆಸುಪಾಸು ತೋರಿಸಿದರೆ ಇನ್ನೂ ಹತ್ತುವುದಿದೆ ಎಂದುಕೊಳ್ಳಬೇಡಿ.

ಅಕ್ಷಾಂಶ ರೇಖಾಂಶ ಓದಿ ಹೇಳುವುದನ್ನು ಮಾತ್ರ ಎಲ್ಲರೂ ಕಲಿಯಬೇಕು ಎಂದು ಒತ್ತಿ ಹೇಳುತ್ತೇನೆ. ಇಟ್ರೆಕ್ಸ್ ಡಿಗ್ರಿ ಮತ್ತು ನಿಮಿಷದಲ್ಲಿ ತೋರಿಸುತ್ತದೆ, ಮೊಬೈಲ್ ದಶಮಾಂಶದಲ್ಲಿ. 13 ಡಿಗ್ರಿ 51 ನಿಮಿಷ ಎಂಬುದನ್ನು ಗಾಬರಿಯಲ್ಲಿ 112ಕ್ಕೆ ಕರೆ ಮಾಡಿ 13.51 ಎಂದು ಹೇಳಿದರೆ ಹುಡುಕುವವರು ಸುಮಾರು 38 ಕಿಲೋಮೀಟರ್ ದಕ್ಷಿಣಕ್ಕೆ ಹೋಗುತ್ತಾರೆ. ಇಟ್ರೆಕ್ಸ್‌ನಲ್ಲೂ ದಶಮಾಂಶದ ಆಯ್ಕೆ ಇದೆ. ಗುಂಪಿನ ಎಲ್ಲ ಸಾಧನಗಳನ್ನು ಹೊರಡುವ ಮೊದಲೇ ಒಂದೇ ಕ್ರಮಕ್ಕೆ ತಂದಿಡಿ.

ವಿದೇಶದಲ್ಲಿರುವ ಕನ್ನಡಿಗರು ರಜೆಗೆ ಬಂದಾಗ ತಮ್ಮ ಚಾರಣದ ಚೀಲವನ್ನೂ ತರುತ್ತಾರೆ. ಗಾರ್ಮಿನ್ ಇನ್‌ರೀಚ್‌ನಂತೆ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನವಿದ್ದರೆ ಅಲ್ಲೇ ಬಿಟ್ಟು ಬನ್ನಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತದಲ್ಲಿ ಅದನ್ನು ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದ ಪ್ರವಾಸಿಗರಿದ್ದಾರೆ. ಬರೀ ಸಿಗ್ನಲ್ ಕೇಳುವ ಇಟ್ರೆಕ್ಸ್‌ಗೆ, ವಾಚಿಗೆ ಈ ತೊಡಕಿಲ್ಲ.

ಹಾಗಾದರೆ ಇಟ್ರೆಕ್ಸ್ ಯಾರಿಗೆ? ಮಳೆಗಾಲದಲ್ಲಿ ಹತ್ತುವವರಿಗೆ, ಗುಂಪನ್ನು ಕರೆದೊಯ್ಯುವ ಹೊಣೆ ಹೊತ್ತವರಿಗೆ, ಕಾಡಿನಲ್ಲಿ ಸಮೀಕ್ಷೆ ಮಾಡುವವರಿಗೆ. ಮಳೆಯಿಲ್ಲದ ಚಳಿಗಾಲದಲ್ಲಿ ಕುಮಾರಪರ್ವತವನ್ನೋ ಕುದುರೆಮುಖವನ್ನೋ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಪಡೆದು ಹತ್ತುವವರಿಗೆ ಏರೋಪ್ಲೇನ್ ಮೋಡಿನ ಮೊಬೈಲ್ ಸಾಕು. ವಾಚ್ ಇದ್ದರೆ ಕಟ್ಟಿಕೊಳ್ಳಿ, ದಾರಿ ಹುಡುಕಲೆಂದೇ ಕೊಳ್ಳಬೇಡಿ. ಹಳೆಯ ಇಟ್ರೆಕ್ಸ್ ಕಡಿಮೆ ಬೆಲೆಗೆ ಸಿಕ್ಕಿತೆಂದರೆ ಹಣ ಕೊಡುವ ಮೊದಲು ಹಿಂಬದಿಯ ಮುಚ್ಚಳ ತೆಗೆದು ಸೆಲ್ ಕೂರುವ ಲೋಹದ ಪಟ್ಟಿಗಳಿಗೆ ಹಸಿರು ಕಿಲುಬು ಹಿಡಿದಿದೆಯೇ ನೋಡಿ, ಕಡ್ಡಿಯನ್ನು ನಾಲ್ಕೂ ಕಡೆ ತಳ್ಳಿ ನೋಡಿ, ಹಳೆಯ ಕಾಲದ ಮಿನಿ ಯುಎಸ್‌ಬಿ ಕೇಬಲನ್ನೂ ಕೇಳಿ ಪಡೆಯಿರಿ.