ರಾಡ್, ಸಿಮೆಂಟ್, ಇಳಕಲ್ ಕಲ್ಲು: ಮೂರೂ ಲೋಡ್ ಹೊಡದ ಮ್ಯಾಲೆ ನನಗ ಅನಿಸಿದ್ದು

ಮೊನ್ನೆ ಅಕ್ಕನ ಮಗ ಹೊಸಾ ಹೆವಿ ಲೈಸನ್ಸ್ ಹಿಡ್ಕೊಂಡು ಮನಿಗೆ ಬಂದಿದ್ದ. ಮಾಮಾ, ಎರಡ ಕಡೆ ಕರ್ಯಾಕತ್ತಾರ, ಒಂದು ಸಿಮೆಂಟ್ ಗಾಡಿ, ಇನ್ನೊಂದು ರಾಡ್ ಹೊಡಿಯೂ ಟ್ರೇಲರಿಗೆ ಎರಡನೇ ಡ್ರೈವರ್, ಯಾವುದಕ್ಕ ಹೋಗ್ಲಿ ಅಂತ ಕೇಳಿದ. ಅವಗ ಅರ್ಧಾ ತಾಸಿನ್ಯಾಗ ಹೇಳಿ ಮುಗಿಸಾಕ ಆಗ್ಲಿಲ್ಲ, ಅದಕ್ಕ ಇಲ್ಲೇ ಪೂರಾ ಬರೀತೀನಿ, ಇನ್ನೂ ನಾಕು ಹುಡುಗರಿಗೆ ಉಪಯೋಗ ಆಗಬಹುದು. ನಾನು ಬಾಗಲಕೋಟಿ ಕಡಿಯಾಂವ, ನಾಕು ವರ್ಷ ಸಿಮೆಂಟ್ ಹೊಡದೀನಿ, ಒಂದೂವರಿ ವರ್ಷ ಇಳಕಲ್ ಕಲ್ಲು, ಈಗ ಐದು ವರ್ಷದಿಂದ ರಾಡ್.

ಸಿಮೆಂಟಿನ್ಯಾಗ ಒಂದು ದೊಡ್ಡ ಸುಖ ಐತಿ, ಲೋಡ್ ಅಳಗಾಡೂದಿಲ್ಲ. ಚೀಲದ ಮ್ಯಾಲೆ ಚೀಲ ಕೂತು ಒಂದಕ್ಕೊಂದು ಒತ್ತಿ ಹಿಡ್ಕೊಂಡಿರ್ತಾವು, ಬ್ರೇಕ್ ಹೊಡದ್ರ ಹಿಂದಿಂದ ಏನರ ಬರ್ತೈತಿ ಅನ್ನೂ ಅಂಜಿಕಿ ಇಲ್ಲ. ಮುಧೋಳ ತಾಲೂಕಿನ ಮುದ್ದಾಪುರ ಕಡೆ ಸಂಜಿಮುಂದ ತುಂಬಿದ್ರ ಬೆಳಗಾವಿಗೆ ಬೆಳಕ ಹರಿಯೂದ್ರಾಗ ಹೋಗಿ ನಿಲ್ಲಬಹುದು. ಹತ್ತು ಚಕ್ರದ ಗಾಡಿ ಅಂದ್ರ 2018ರಿಂದ ಲೋಡ್ ಸಮೇತ 28.5 ಟನ್ ತನಕ ಪಾಸ್, ಖಾಲಿ ಗಾಡಿ ತೂಕ ಕಳದ್ರ ಹದಿನೆಂಟು ಟನ್ ಸುಮಾರು ಮಾಲು, ಅಂದ್ರ 50 ಕೆಜಿದು 360 ಚೀಲ. ಈ 360 ಚೀಲ ಇಳಸೂದೇ ಇದರ ತ್ರಾಸು ನೋಡ್ರಿ. ಹಮಾಲರು ಇದ್ರ ಎರಡ ತಾಸಿನ ಕೆಲಸ, ಇಲ್ಲಂದ್ರ ಅಂಗಡಿ ಮುಂದ ಗಾಡಿ ಹಚ್ಚಿ ಇಡೀ ದಿನಾ ಕೂಡೂದು, ಆ ದಿನದ್ದು ಭತ್ತಾ ಯಾರೂ ಕೊಡೂದಿಲ್ಲ. ವಾರದಾಗ ಎರಡು ದಿನಾ ಹಿಂಗ ಹೋದ್ರ ತಿಂಗಳಾ ಕೊನಿಗೆ ಕೈಯಾಗ ಏನ ಉಳೀತೈತಿ?

ಮತ್ತ ಮಳಿ. ಒಂದ್ಸಲ ಗೋವಾಕ್ಕ ಲೋಡ್ ಇತ್ತು, ಖಾನಾಪುರ ದಾಟಿ ಲೋಂಡಾ ಕಡೆ ಹೊಂಟಾಗ ಹಿಡದ ಮಳಿ ಅನಮೋಡ ಘಾಟ್ ಇಳಿಯೂತನಕ ಬಿಡ್ಲಿಲ್ಲ, ತಾಡಪತ್ರಿ ಒಂದ ಕಡೆ ಹರದಿದ್ದು ನನಗ ಗೊತ್ತಾಗಿರ್ಲಿಲ್ಲ, ಇಳಸೂ ಮುಂದ ನೋಡಿದ್ರ 22 ಚೀಲ ಕಲ್ಲಾಗಿ ಕುಂತಿದ್ವು. ಅಂಗಡಿಯವ್ರು ತಗೊಳ್ಲಿಲ್ಲ, ಆಗಿನ ಗಾಡಿ ಮಾಲಕರು ಎರಡು ತಿಂಗಳ ನನ್ನ ಪಗಾರದಾಗ ಹಿಡ್ಕೊಂಡ್ರು. ತಾಡಪತ್ರಿ ಹಳೇದಾಗೈತಿ ಅಂತ ನಾನು ಮೊದಲೇ ಹೇಳಿದ್ದೆ, ಆ ಸಿಟ್ಟು ಇನ್ನೂ ಐತಿ. ಸಿಮೆಂಟ್ ಹೊಡಿಯವ್ರು ಮ್ಯಾಲೆ ಎರಡು ತಾಡಪತ್ರಿ ಹಾಕ್ರಿ, ತಳಕ್ಕೂ ಪ್ಲಾಸ್ಟಿಕ್ ಹಾಸ್ರಿ, ಯಾಕಂದ್ರ ಕೆಳಗಿಂದ ಸಿಡಿಯೂ ನೀರೂ ಅಷ್ಟ ಕೆಟ್ಟದ್ದು.

ಇಳಕಲ್ ಕಲ್ಲಿನ ವಿಷಯ ಜಲ್ದಿ ಹೇಳಿ ಮುಗಸ್ತೀನಿ, ಯಾಕಂದ್ರ ಅದು ನನ್ನಿಂದ ಆಗ್ಲಿಲ್ಲ. ಮೂರು ಮೀಟರ್ ಉದ್ದ, ಒಂದೂವರಿ ಮೀಟರ್ ಅಗಲ, ಒಂದೂವರಿ ಮೀಟರ್ ಎತ್ತರದ ಒಂದು ಗ್ರಾನೈಟ್ ಬ್ಲಾಕ್ ಅಂದ್ರ ಹದಿನೆಂಟು ಟನ್ ಆಗ್ತೈತಿ, ಅಷ್ಟೂ ತೂಕ ಒಂದ ಜಾಗಾದಾಗ. ಅದು ಸರಿಯಾಗಿ ಆ್ಯಕ್ಸಲ್ ಮ್ಯಾಲೆ ಕೂಡಬೇಕು, ಒಂದು ಮೊಳ ಹಿಂದ ಮುಂದ ಆದ್ರ ಸ್ಟೇರಿಂಗ್ ಹಗರ ಆಗ್ತೈತಿ ಇಲ್ಲಾ ಪಾಟಾ (ಚಕ್ರದ ಮ್ಯಾಲಿನ ಪಟ್ಟಿ ಸ್ಪ್ರಿಂಗ್) ಮುರೀತೈತಿ. ಪಾಲಿಶ್ ಆದ ಸ್ಲ್ಯಾಬ್ ಇದ್ರ ಮಲಗ್ಸೂ ಹಂಗಿಲ್ಲ, ಕುಣಿ ಬಂದಲ್ಲಿ ಸೀಳ್ತಾವು, ಏಣಿ ಹಂಗಿರೂ ಕಬ್ಬಣದ ಸ್ಟ್ಯಾಂಡಿಗೆ ಎರಡೂ ಕಡೆ ಸಮಾ ಆನಿಸಿ ನಿಲ್ಲಸಬೇಕು. ಇಳಸೂ ಮುಂದನೂ ಇತ್ತಾಗ ಒಂದು ತಗದ್ರ ಅತ್ತಾಗ ಒಂದು ತಗೀಬೇಕು. ಒಂದ ಕಡೀದು ಎಲ್ಲಾ ಮೊದಲ ತಗದ್ರ ಉಳದ ಕಡೀದು ಸ್ಟ್ಯಾಂಡ್ ಸಮೇತ ಮಗಚ್ತೈತಿ, ಮಗ್ಗಲಕ್ಕ ನಿಂತವರು ಉಳಿಯೂದಿಲ್ಲ. ಮೂರರಾಗ ಟ್ರಿಪ್ಪಿಗೆ ಹೆಚ್ಚು ರೊಕ್ಕ ಸಿಕ್ಕಿದ್ದು ಕಲ್ಲಿನ್ಯಾಗ, ಖರೇ. ಆದ್ರ ಕ್ವಾರಿ ರಸ್ತಾದಾಗ ಗಾಡಿ ವಾಲಿದಾಗೆಲ್ಲಾ ಹೊಟ್ಟ್ಯಾಗ ಕಲಸಿದಂಗ ಆಗ್ತಿತ್ತು, ರಾತ್ರಿ ಮನ್ಯಾಗ ಮಲಗಿದ್ರೂ ಅದ ಕನಸು. ಬಿಟ್ಟೆ.

ಈಗ ರಾಡ್. ತೋರಣಗಲ್ಲಿನ್ಯಾಗ ತುಂಬಿ ಹೊಸಪೇಟಿ, ಕುಷ್ಟಗಿ, ಇಳಕಲ್, ಹುನಗುಂದ, ನಿಡಗುಂದಿ ಮ್ಯಾಲೆ ಹಾಸಿ ವಿಜಯಪುರ. ಕಿಲೋಮೀಟರ್ ಇನ್ನೂರರ ಮ್ಯಾಲೆ ಆಗೂದರಿಂದ ಈ-ವೇ ಬಿಲ್ಲಿಗೆ (ಮಾಲಿನ ಸಂಗಾಟ ಇರಬೇಕಾದ ಜಿಎಸ್‌ಟಿ ಕಾಗದ) ಎರಡು ದಿನಾ ಸಿಗ್ತೈತಿ, ಹಂಗಾಗಿ ಓಡಸಾಡೂ ಗಡಬಡ ಇಲ್ಲ. ರಾಡ್ 12 ಮೀಟರ್ ಉದ್ದ ಬರ್ತಾವು, ನಲವತ್ತು ಫೂಟಿನ ಓಪನ್ ಟ್ರೇಲರ್ ಅಂದ್ರ 12.19 ಮೀಟರ್, ಬರೇ ಒಂದು ಗೇಣು ಉಳೀತೈತಿ, ನೆಟ್ಟಗ ಕೂಡ್ತಾವು. ನಾನು ಮೊದಲ ಸಣ್ಣ ಬಾಡಿ ಗಾಡ್ಯಾಗ ರಾಡ್ ಹೊಡದಾಗ ಮಡಚಿ ಹಾಕ್ತಿದ್ರು, ಇಲ್ಲಾ ಹಿಂದ ಬಾಲದಂಗ ಬಿಟ್ಟು ತುದಿಗೆ ಕೆಂಪ ಅರಿವಿ ಕಟ್ತಿದ್ರು. ಹಂಗ ಹೊರಗ ಚಾಚಿ ಒಯ್ಯೂದು ಕಾನೂನಿನ್ಯಾಗ 2014ರಾಗನ ಬಂದ್ ಆಗೇತಿ, 2019ರಾಗ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಆದ ಮ್ಯಾಲೆ ಅದರಾಗ ದಂಡ 20,000 ರೂಪಾಯಿ. ದಂಡದ ಮಾತು ಬಿಡ್ರಿ, ಕತ್ತಲದಾಗ ಹಿಂದಿಂದ ಬರೂ ಬೈಕಿನವ್ರಿಗೆ ರಾಡಿನ ತುದಿ ಕಾಣೂದಿಲ್ಲ. ಯಾವ ಮಾಲಕ ಇವತ್ತಿಗೂ ಸಣ್ಣ ಗಾಡ್ಯಾಗ ಬಾಲ ಬಿಟ್ಟು ಒಯ್ಯಿ ಅಂತಾನ, ಅವನ ಗಾಡಿ ಹತ್ತಬ್ಯಾಡ್ರಿ.

ರಾಡಿನ ಖರೇ ಅಂಜಿಕಿ ಮುಂದಕ್ಕ ಜಾರೂದು. ಮೊದಲನೇ ವರ್ಷ, ಕಬ್ಬಿನ ಸೀಜನ್, ಹುನಗುಂದ ದಾಟಿ ರಾತ್ರಿ ಎರಡರ ಸುಮಾರಿಗೆ ಎದರಿಗೆ ಒಂದು ಟ್ರ್ಯಾಕ್ಟರ್, ಹಿಂದ ಎರಡು ಟ್ರೇಲಿ ತುಂಬ ಕಬ್ಬು, ಒಂದೂ ರಿಫ್ಲೆಕ್ಟರ್ ಇಲ್ಲ, ಕಂಡಾಗ ಭಾಳ ಹತ್ರ ಬಂದಿದ್ದೆ. ಜೋರ ಬ್ರೇಕ್ ಒತ್ತಿದೆ, ಗಾಡಿ ನಿಂತ್ತು, ರಾಡ್ ನಿಲ್ಲಲಿಲ್ಲ. ಮ್ಯಾಲಿನ ಬಂಡಲ್ ಒಂದೂವರಿ ಫೂಟು ಜಾರಿ ಬಂದು ಕ್ಯಾಬಿನ್ ಹಿಂದಿನ ಕಬ್ಬಣದ ತಡಿ ಬಗ್ಗಿಸಿತು. ಆ ಸಪ್ಪಳಾ ಕೇಳಿ ಕ್ಲೀನರ್ ಹುಡುಗ ಅಳಾಕತ್ತಿದ್ದ, ನನ್ನ ಕಾಲು ಬ್ರೇಕ್ ಮ್ಯಾಲಿಂದ ಏಳವಲ್ಲದು. ತಪ್ಪು ಏನಿತ್ತಂದ್ರ ಇಡೀ ಲೋಡಿಗೆ ಬರೇ ಎರಡು ಸರಪಳಿ, ಬಂಡಲ್ ನಡುವ ಕಟ್ಟಿಗಿ ತುಂಡು ಇಲ್ಲ. ಕಬ್ಬಣದ ಮ್ಯಾಲೆ ಕಬ್ಬಣ ಇಟ್ರ ಜಾರೇ ಜಾರ್ತೈತಿ, ನಡುವ ಕಟ್ಟಿಗಿ ಇದ್ರ ಹಿಡೀತೈತಿ. ಅವತ್ತಿಂದ ಐದು ಸರಪಳಿ ಹಾಕ್ತೀನಿ, ಪ್ರತಿ ಥರಕ್ಕ ಕಟ್ಟಿಗಿ, ಮುಂದಿನ ತಡಿಗೆ ಬಂಡಲ್ ಪೂರಾ ತಾಗಿಸಿ ಇಡಸ್ತೀನಿ. ನಡುವ ಜಾಗಾ ಬಿಟ್ರ ಅದು ಓಡಿ ಬಂದು ಹೊಡೀತೈತಿ. ಇನ್ನೊಂದು, ತುಂಬಿ ಮೂವತ್ತು ಕಿಲೋಮೀಟರ್ ಹೋದ ಮ್ಯಾಲೆ ನಿಲ್ಲಿಸಿ ಸರಪಳಿ ಮತ್ತ ಬಿಗೀಬೇಕು, ಕುಲುಕಾಟಕ್ಕ ರಾಡ್ ಒಳಗೊಳಗ ಕೂತು ಸರಪಳಿ ಸಡ್ಲ ಬಿಟ್ಟಿರ್ತೈತಿ. ನಾನು ಹೊಸಪೇಟಿ ಬಂದಕೂಡ್ಲೇ ಚಾ ಕುಡಿಯೂಕಿಂತ ಮೊದಲ ಇದನ್ನ ಮಾಡ್ತೀನಿ. ಬ್ಯಾಸಗ್ಯಾಗ ಸರಪಳಿ ಕೈ ಸುಡ್ತೈತಿ, ಗ್ಲೌಸ್ ಬೇಕಾಗ್ತಾವು.

ಇಷ್ಟೆಲ್ಲಾ ಇದ್ರೂ ನಾನು ರಾಡಿನ್ಯಾಗ ಉಳದೀನಿ. ಟ್ರಿಪ್ಪಿನ ಭತ್ತಾ ನನಗ ಸಿಮೆಂಟಿನ ಒಂದೂವರಿ ಪಟ್ಟು ಬೀಳ್ತೈತಿ, ಅದಕ್ಕಿಂತ ಹೆಚ್ಚು ಅಂದ್ರ ಕಾಯೂದು ಕಡಿಮಿ. ತುಂಬೂದೂ ಕ್ರೇನ್, ಇಳಸೂದೂ ಕ್ರೇನ್, ಬೈಪಾಸ್ ಮ್ಯಾಲಿನ ಯಾರ್ಡಿನ್ಯಾಗ ಕಾಟಾ (ತೂಕ) ಆಗಿ ಒಂದು ತಾಸಿನ್ಯಾಗ ಖಾಲಿ. ಮಳಿ ಬಂದ್ರ ಸ್ವಲ್ಪ ಜಂಗ ಹಿಡೀತೈತಿ, ಡ್ರೈವರನ ಪಗಾರದಾಗ ಯಾರೂ ಹಿಡಿಯೂದಿಲ್ಲ. ಕೊರತಿ ಏನಂದ್ರ ಟ್ರೇಲರ್ ಊರೊಳಗ ತಿರಗೂದಿಲ್ಲ, ವಿಜಯಪುರದ ಹಳೇ ಓಣ್ಯಾಗ ಇಳಸಬೇಕು ಅಂತ ಯಾರರ ಫೋನ್ ಮಾಡಿದ್ರ ನಾನು ಒಪ್ಪೂದಿಲ್ಲ, ಸಣ್ಣ ಗಾಡಿ ಕಳಸ್ರಿ ಅಂತೀನಿ.

ಅಕ್ಕನ ಮಗಗ ಮಾತ್ರ ಮೊದಲ ಒಂದು ವರ್ಷ ಸಿಮೆಂಟಿಗೆ ಹೋಗು ಅಂದೀನಿ, ತಾಡಪತ್ರಿ ಹೊಸಾದು ಕೊಡ್ತೀರೇನ್ರಿ ಅಂತ ಕೇಳಿ ಸೇರಕೋ ಅಂತ. ಬರೂ ಆಯಿತವಾರ ಅವಂಗ ರಜಾ, ನನ್ನ ಸಂಗಾಟ ತೋರಣಗಲ್ಲಿಗೆ ಬರಾಕತ್ತಾನ. ಕ್ಯಾಬಿನ್ಯಾಗ ಮಲಗಾಕಲ್ಲ, ಹೊಸಪೇಟ್ಯಾಗ ಸರಪಳಿ ಅವನ ಕೈಲಿಂದನ ಬಿಗಸ್ತೀನಿ.